ಪೈ ಝೀರೋ ಡಬ್ಲ್ಯೂ: ಲ್ಯಾಪ್‌ಟಾಪ್ ಯುಎಸ್‌ಬಿ ಈಥರ್ನೆಟ್ ಅಂತ ಗುರುತಿಸುತ್ತದೆ, ಆದರೆ ಎಸ್‌ಎಸ್‌ಎಚ್ ಆಗುತ್ತಿಲ್ಲ

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ. ಮಾನಿಟರ್ ಇಲ್ಲ, ಮಿನಿ ಎಚ್‌ಡಿಎಮ್‌ಐ ಕನ್ವರ್ಟರ್ ಇಲ್ಲ, ಕೀಬೋರ್ಡ್ ಹಾಕೋಣ ಅಂದರೆ ಒಟಿಜಿ ಕೇಬಲ್ ಕೂಡ ಇಲ್ಲ. ಹಾಸ್ಟೆಲ್ ವೈಫೈಗೆ ಬ್ರೌಸರ್‌ನಲ್ಲಿ ಲಾಗಿನ್ ಪೇಜ್ ಬರುತ್ತದೆ. ಸ್ಕ್ರೀನೇ ಇಲ್ಲದ ಬೋರ್ಡ್ ಅದನ್ನು ಹೇಗೆ ದಾಟಬೇಕು ಹೇಳಿ. ಅದಕ್ಕೇ ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟೂ ನೆಟ್‌ವರ್ಕೂ ಎರಡೂ ಆಗಲಿ ಅಂತ ಗ್ಯಾಜೆಟ್ ಮೋಡ್ (ಪೈ ತಾನೇ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುವ ವಿಧಾನ) ಹಿಂದೆ ಬಿದ್ದಿದ್ದೇನೆ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ರಾಸ್ಪ್‌ಬೆರಿ ಪೈ ಓಎಸ್ ಲೈಟ್, ಬುಕ್‌ವರ್ಮ್ ಆವೃತ್ತಿ, 32 ಬಿಟ್. ಕಾರ್ಡ್‌ಗೆ ಓಎಸ್ ಬರೆಯುವ ಇಮೇಜರ್ ಪ್ರೋಗ್ರಾಮ್‌ನಲ್ಲೇ ಯೂಸರ್, ಪಾಸ್‌ವರ್ಡ್ ಕೊಟ್ಟು ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಪೈ ಒಳಗೆ ಲಾಗಿನ್ ಆಗುವ ದಾರಿ) ಆನ್ ಮಾಡಿದೆ. ಕಾರ್ಡ್‌ನ ಬೂಟ್ ಪಾರ್ಟಿಷನ್‌ನಲ್ಲಿ ಕಾನ್ಫಿಗ್.ಟಿಎಕ್ಸ್‌ಟಿ ಫೈಲ್‌ನ ಕೊನೆಗೆ, [ಆಲ್] ಅಂತ ಇರುವುದರ ಕೆಳಗೆ, ಡಿಟಿಓವರ್‌ಲೇ=ಡಿಡಬ್ಲ್ಯೂಸಿ2 ಸೇರಿಸಿದೆ. ಸಿಎಮ್‌ಡಿಲೈನ್.ಟಿಎಕ್ಸ್‌ಟಿಯಲ್ಲಿ ರೂಟ್‌ವೇಟ್ ಪದ ಆದಮೇಲೆ ಒಂದು ಸ್ಪೇಸ್ ಬಿಟ್ಟು ಮಾಡ್ಯೂಲ್ಸ್-ಲೋಡ್=ಡಿಡಬ್ಲ್ಯೂಸಿ2,ಜಿ_ಈಥರ್ ಸೇರಿಸಿದೆ. ಎಲ್ಲವೂ ಒಂದೇ ಸಾಲಿನಲ್ಲಿದೆ, ನೋಡಿಕೊಂಡಿದ್ದೇನೆ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04. ಕೇಬಲ್ ಹಾಕಿ ಸ್ವಲ್ಪ ಹೊತ್ತು ಕಾದರೆ, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿಯಲ್ಲಿ 0525:ಎ4ಎ2, ನೆಟ್‌ಚಿಪ್, ಲಿನಕ್ಸ್-ಯುಎಸ್‌ಬಿ ಈಥರ್ನೆಟ್/ಆರ್‌ಎನ್‌ಡಿಐಎಸ್ ಗ್ಯಾಜೆಟ್ ಅಂತ ಬರುತ್ತದೆ. ಐಪಿ ಎ ಕಮಾಂಡ್ ಕೊಟ್ಟರೆ ಇಎನ್‌ಪಿ0ಎಸ್20ಎಫ್0ಯು2 ಅನ್ನುವ ಹೊಸ ಇಂಟರ್‌ಫೇಸ್ ಕಾಣುತ್ತದೆ, ಆದರೆ ಅದರ ಪಕ್ಕದಲ್ಲಿ ನೋ-ಕ್ಯಾರಿಯರ್. ಸೆಟ್ಟಿಂಗ್ಸ್‌ನಲ್ಲಿ ಕೇಬಲ್ ಅನ್‌ಪ್ಲಗ್ಡ್ ಅನ್ನುತ್ತದೆ. ಕೇಬಲ್ ಕಣ್ಣೆದುರೇ ಇದೆ ಮಾರಾಯ್ರೇ! ರಾಸ್ಪ್‌ಬೆರಿಪೈ.ಲೋಕಲ್‌ಗೆ ಪಿಂಗ್ ಮಾಡಿದರೆ ಹೆಸರೇ ಸಿಗುವುದಿಲ್ಲ. ನೆಟ್‌ನಲ್ಲಿ ಸಿಕ್ಕ ಟ್ಯುಟೋರಿಯಲ್‌ಗಳೆಲ್ಲ ಇಷ್ಟೇ ಮಾಡಿ, ಕೂಡಲೇ ಲಾಗಿನ್ ಆಗುತ್ತದೆ ಅನ್ನುತ್ತವೆ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ?

ಕಾಫಿಪುಡಿ:

ಮೊದಲು ಕೇಬಲ್ ಬದಲಾಯಿಸಿ ನೋಡಿ. ಎಷ್ಟೋ ಮೈಕ್ರೋ ಯುಎಸ್‌ಬಿ ಕೇಬಲ್‌ಗಳಲ್ಲಿ ಚಾರ್ಜಿಂಗ್‌ನ ಎರಡು ವೈರ್ ಬಿಟ್ಟರೆ ಡೇಟಾ ವೈರೇ ಇರುವುದಿಲ್ಲ. ಕೇಬಲ್ ಹಾಕಿದ ಪೋರ್ಟ್ ಯಾವುದು ಅಂತಲೂ ನೋಡಿ. ಝೀರೋದಲ್ಲಿ ಎರಡು ಮೈಕ್ರೋ ಯುಎಸ್‌ಬಿ ಇವೆ, ಪಿಡಬ್ಲ್ಯೂಆರ್ ಇನ್ ಅಂತ ಬರೆದಿರುವುದರಲ್ಲಿ ಬರೀ ಕರೆಂಟ್, ಯುಎಸ್‌ಬಿ ಅಂತ ಬರೆದಿರುವುದರಲ್ಲಿ ಮಾತ್ರ ಡೇಟಾ.

ಇಷ್ಟೆಲ್ಲ ತಲೆನೋವು ಯಾಕೆ, ಸುಮ್ನೆ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಇಮೇಜರ್‌ನಲ್ಲಿ ಅದರ ಹೆಸರು, ಪಾಸ್‌ವರ್ಡ್ ಕೊಟ್ಟುಬಿಡಿ. ಆದರೆ ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿ ಇರಬೇಕು. ಝೀರೋ ಡಬ್ಲ್ಯೂಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ.

ತುಂಗಾತೀರ:

ಕೇಬಲ್ ಯುಎಸ್‌ಬಿ ಅಂತ ಬರೆದಿರುವ ಪೋರ್ಟ್‌ನಲ್ಲೇ ಇದೆ. ರೂಮ್‌ನಲ್ಲಿ ಮೊಬೈಲ್ ಸಿಗ್ನಲ್ ಇದ್ದಿದ್ದರೆ ಹಾಟ್‌ಸ್ಪಾಟ್ ಮಾಡುತ್ತಿದ್ದೆ. ಕಿಟಕಿಯಿಂದ ಕೈ ಹೊರಗೆ ಹಾಕಿದರೆ ಒಂದು ಕಡ್ಡಿ ಬರುತ್ತದೆ.

ಸೋಲ್ಡರ್_ಶಾಸ್ತ್ರಿ:

ಕೇಬಲ್ ಸರಿ ಇದೆ, ಅದನ್ನು ಬಿಡಿ. ಡೇಟಾ ವೈರ್ ಇಲ್ಲದಿದ್ದರೆ 0525:ಎ4ಎ2 ಅನ್ನುವ ಸಾಲೇ ಬರುತ್ತಿರಲಿಲ್ಲ. ಆ ನಂಬರ್ ಬಂತು ಅಂದರೆ ಪೈ ಬೂಟ್ ಆಗಿದೆ, ಡಿಡಬ್ಲ್ಯೂಸಿ2 ಡ್ರೈವರ್ ಲೋಡ್ ಆಗಿದೆ, ಜಿ_ಈಥರ್ ಕೂಡ ಲೋಡ್ ಆಗಿ ನಾನೊಂದು ನೆಟ್‌ವರ್ಕ್ ಕಾರ್ಡ್ ಅಂತ ಲ್ಯಾಪ್‌ಟಾಪ್‌ಗೆ ಹೇಳಿಕೊಂಡಿದೆ. ಅಂದರೆ ನಿಮ್ಮ ಎರಡೂ ಫೈಲ್‌ಗಳಲ್ಲಿ ತಪ್ಪೇನೂ ಇಲ್ಲ.

ಮುಂದೆ ಇದನ್ನು ಓದುವವರಿಗೆ ಒಂದು ಮಾತು. ಎಲ್‌ಎಸ್‌ಯುಎಸ್‌ಬಿಯಲ್ಲಿ ಏನೂ ಬಾರದಿದ್ದರೆ ಎಸ್‌ಡಿ ಕಾರ್ಡ್ ತೆಗೆದು ಬರೀ ಬೋರ್ಡನ್ನು ಅದೇ ಕೇಬಲ್‌ನಲ್ಲಿ ಸಿಕ್ಕಿಸಿ. ಕಾರ್ಡ್ ಇಲ್ಲದ ಝೀರೋ ತಾನೇ ಯುಎಸ್‌ಬಿ ಬೂಟ್ ಮೋಡ್‌ಗೆ ಹೋಗುತ್ತದೆ, ಲ್ಯಾಪ್‌ಟಾಪ್‌ನಲ್ಲಿ 0ಎ5ಸಿ:2763, ಬಿಸಿಎಮ್2708 ಬೂಟ್ ಅಂತ ಬರುತ್ತದೆ. ಝೀರೋ 2 ಡಬ್ಲ್ಯೂ ಆದರೆ 2764, ಬಿಸಿಎಮ್2710 ಬೂಟ್. ಬಂದರೆ ಕೇಬಲ್, ಪೋರ್ಟ್, ಬೋರ್ಡ್ ಮೂರೂ ಚೆನ್ನಾಗಿವೆ, ತೊಂದರೆ ಕಾರ್ಡ್‌ನೊಳಗೆ ಇದೆ. ಬಾರದಿದ್ದರೆ ಕಾನ್ಫಿಗ್ ಫೈಲ್ ಕೆರೆದು ಪ್ರಯೋಜನ ಇಲ್ಲ, ಬೇರೆ ಕೇಬಲ್ ಹುಡುಕಿ. ಈ ಒಂದು ಪರೀಕ್ಷೆ ಮಾಡದೆ ಕಾರ್ಡನ್ನು ಮತ್ತೆ ಮತ್ತೆ ಫ್ಲ್ಯಾಶ್ ಮಾಡುತ್ತಾ ಕೂರುವವರೇ ಜಾಸ್ತಿ.

ಇನ್ನೊಂದು ಜಾಗ ಇದೆ, ಅಲ್ಲೂ ಜನ ಎಡವುತ್ತಾರೆ. ಈಗಿನ ಕಾನ್ಫಿಗ್ ಫೈಲ್‌ನಲ್ಲಿ [ಸಿಎಮ್5] ಅನ್ನುವ ಭಾಗದ ಕೆಳಗೆ ಡಿಟಿಓವರ್‌ಲೇ=ಡಿಡಬ್ಲ್ಯೂಸಿ2,ಡಿಆರ್_ಮೋಡ್=ಹೋಸ್ಟ್ ಅಂತ ಮೊದಲೇ ಬರೆದಿರುತ್ತದೆ. ಹುಡುಕಿದಾಗ ಇದು ಕಣ್ಣಿಗೆ ಬೀಳುತ್ತದೆ, ಓ ಇದೆಯಲ್ಲ ಅಂತ ಬಿಟ್ಟುಬಿಡುತ್ತಾರೆ. ಅದು ಕಂಪ್ಯೂಟ್ ಮಾಡ್ಯೂಲ್ 5ಕ್ಕೆ ಮಾತ್ರ, ಅದೂ ಹೋಸ್ಟ್ ಮೋಡ್. ನಮಗೆ ಬೇಕಾದ ಸಾಲು [ಆಲ್] ಕೆಳಗೇ ಇರಬೇಕು. ನೀವು ಹಾಗೇ ಹಾಕಿದ್ದೀರಿ.

ಈಗ ನಿಮ್ಮ ತೊಂದರೆಗೆ ಬರೋಣ. ನೋ-ಕ್ಯಾರಿಯರ್ ಅಂದರೆ ಪೈ ಒಳಗಿನ ಯುಎಸ್‌ಬಿ0 ಇಂಟರ್‌ಫೇಸನ್ನು ಯಾರೂ ಅಪ್ ಮಾಡಿಲ್ಲ ಅಂತ. ಬೀದಿ ಕಂಬದಿಂದ ಮನೆಗೆ ಲೈನ್ ಎಳೆದಾಗಿದೆ, ಒಳಗಿನ ಮೇನ್ ಸ್ವಿಚ್ ಹಾಕಿಲ್ಲ, ಅಷ್ಟೇ. ಪೈ ಆ ಇಂಟರ್‌ಫೇಸನ್ನು ಅಪ್ ಮಾಡಿದಾಗ ಮಾತ್ರ ಗ್ಯಾಜೆಟ್ ಡ್ರೈವರ್ ಲ್ಯಾಪ್‌ಟಾಪ್‌ಗೆ ಲಿಂಕ್ ಬಂತು ಅಂತ ತಿಳಿಸುತ್ತದೆ.

ಯಾಕೆ ಅಪ್ ಆಗಿಲ್ಲ? ನೀವು ಓದಿದ ಟ್ಯುಟೋರಿಯಲ್‌ಗಳು ಬುಲ್ಸ್‌ಐ ಅಥವಾ ಅದಕ್ಕೂ ಹಳೆಯ ಓಎಸ್ ಕಾಲದವು. ಆಗ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದದ್ದು ಡಿಎಚ್‌ಸಿಪಿಸಿಡಿ ಅನ್ನುವ ಪ್ರೋಗ್ರಾಮ್. ಅದು ಕಂಡ ಇಂಟರ್‌ಫೇಸನ್ನೆಲ್ಲ ಎಬ್ಬಿಸಿ, ಅಡ್ರೆಸ್ ಕೊಡುವವರು ಯಾರೂ ಇಲ್ಲದಿದ್ದರೆ 169.254 ಸಾಲಿನ ಒಂದನ್ನು ತಾನೇ ಹಾಕಿಕೊಳ್ಳುತ್ತಿತ್ತು. ಅದಕ್ಕೇ ಆಗ ಎರಡು ಸಾಲು ಸೇರಿಸಿದರೆ ಸಾಕಾಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬುಕ್‌ವರ್ಮ್ ಬಂದಾಗ ಆ ಕೆಲಸ ನೆಟ್‌ವರ್ಕ್‌ಮ್ಯಾನೇಜರ್ ಕೈಗೆ ಹೋಯಿತು. ಅದರ ಜೊತೆಗೆ ಬರುವ 85-ಎನ್‌ಎಮ್-ಅನ್‌ಮ್ಯಾನೇಜ್ಡ್.ರೂಲ್ಸ್ ಅನ್ನುವ ಯುಡೆವ್ (ಸಾಧನ ಕಂಡಾಗ ಏನು ಮಾಡಬೇಕು ಅಂತ ನೋಡಿಕೊಳ್ಳುವ ಲಿನಕ್ಸ್ ಭಾಗ) ಫೈಲ್‌ನಲ್ಲಿ, ಗ್ಯಾಜೆಟ್ ಬಗೆಯ ಇಂಟರ್‌ಫೇಸ್ ಕಂಡರೆ ಮುಟ್ಟಬೇಡ ಅಂತ ಒಂದು ಸಾಲಿದೆ. ಅದನ್ನು ಹುಟ್ಟಿಸಿದ ಪ್ರೋಗ್ರಾಮೇ ಅದನ್ನು ಹೊಂದಿಸಿಕೊಳ್ಳಬಹುದು, ನಾವು ಮಧ್ಯೆ ಬರುವುದು ಬೇಡ ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ, ಆದರೆ ನಮ್ಮಂಥವರಿಗೆ ಏನೂ ಹೇಳದೆ ಸುಮ್ಮನೆ ಕೂರುತ್ತದಲ್ಲ, ಅದು ಕಿರಿಕಿರಿ.

ಪರಿಹಾರ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ. ಉಬುಂಟು ಇರುವುದರಿಂದ ಕಾರ್ಡ್‌ನ ಎರಡನೇ ಪಾರ್ಟಿಷನ್, ರೂಟ್‌ಎಫ್‌ಎಸ್ ಅನ್ನುವುದು, ನೇರವಾಗಿ ತೆರೆಯುತ್ತದೆ. ಅದರೊಳಗೆ ಯುಎಸ್‌ಆರ್/ಲಿಬ್/ಯುಡೆವ್/ರೂಲ್ಸ್.ಡಿ ಫೋಲ್ಡರ್‌ನಲ್ಲಿ ಆ ಫೈಲ್ ಇದೆ. ಅಲ್ಲೇ ತಿದ್ದಬೇಡಿ, ಅಪ್‌ಡೇಟ್ ಬಂದಾಗ ಅಳಿಸಿಹೋಗುತ್ತದೆ. ಅದೇ ಹೆಸರಿನಲ್ಲಿ ಕಾರ್ಡ್‌ನ ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಕಾಪಿ ಮಾಡಿ. ಇಟಿಸಿಯಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಲಿಬ್‌ನಲ್ಲಿರುವುದನ್ನು ಯುಡೆವ್ ಓದುವುದಿಲ್ಲ. ಆ ಕಾಪಿಯಲ್ಲಿ ಗ್ಯಾಜೆಟ್ ಅಂತ ಇರುವ ಸಾಲು ಹುಡುಕಿ, ಕೊನೆಯಲ್ಲಿ ಎನ್‌ಎಮ್_ಅನ್‌ಮ್ಯಾನೇಜ್ಡ್=1 ಇರುವುದನ್ನು 0 ಮಾಡಿ. ಲ್ಯಾಪ್‌ಟಾಪ್‌ನದೇ ಇಟಿಸಿ ಫೋಲ್ಡರ್‌ನಲ್ಲಿ ತಿದ್ದಿ ಕೂತುಬಿಟ್ಟೀರಿ, ಎಚ್ಚರ. ಮುಂದೆ ಸ್ಲ್ಯಾಶ್ ಇರುವ ದಾರಿ ನಿಮ್ಮ ಲ್ಯಾಪ್‌ಟಾಪ್‌ನದು, ಕಾರ್ಡ್‌ನದು ಮೀಡಿಯಾ ಫೋಲ್ಡರ್ ಕೆಳಗೆ ಇರುತ್ತದೆ.

ಆಮೇಲೆ ಕಾರ್ಡ್‌ನ ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಸಿಸ್ಟಮ್-ಕನೆಕ್ಷನ್ಸ್ ಒಳಗೆ ಯುಎಸ್‌ಬಿ0.ಎನ್‌ಎಮ್‌ಕನೆಕ್ಷನ್ ಅಂತ ಒಂದು ಸಣ್ಣ ಫೈಲ್ ಇಡಿ. ಕನೆಕ್ಷನ್ ಭಾಗದಲ್ಲಿ ಐಡಿ ಯುಎಸ್‌ಬಿ0, ಟೈಪ್ ಈಥರ್ನೆಟ್, ಇಂಟರ್‌ಫೇಸ್-ನೇಮ್ ಯುಎಸ್‌ಬಿ0. ಐಪಿವಿ4 ಭಾಗದಲ್ಲಿ ಮೆಥಡ್ ಆಟೋ. ಇಷ್ಟೇ. ಫೈಲ್‌ನ ಮಾಲೀಕ ರೂಟ್ ಆಗಿರಬೇಕು, ಪರ್ಮಿಷನ್ 600 ಇರಬೇಕು, ಇಲ್ಲದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ತಿರುಗಿಯೂ ನೋಡುವುದಿಲ್ಲ. ಈ ಫೈಲ್ ಇದ್ದರೆ ರೂಲ್ಸ್ ತಿದ್ದುವುದು ಯಾಕೆ ಅಂತ ಕೇಳಬಹುದು. ಪೈ ಒಳಗೆ ಕೂತು ಕೈಯಿಂದ ಅಪ್ ಮಾಡಿದರೆ ರೂಲ್ಸ್ ಇದ್ದರೂ ಕನೆಕ್ಷನ್ ಬರುತ್ತದೆ, ರೀಬೂಟ್ ಆದಮೇಲೆ ತಾನಾಗಿ ಬರುವುದಿಲ್ಲ. ನಿಮಗಂತೂ ಒಳಗೆ ಕೂರುವ ದಾರಿಯೇ ಇಲ್ಲ.

ಲ್ಯಾಪ್‌ಟಾಪ್ ಕಡೆ ಆ ಇಂಟರ್‌ಫೇಸ್‌ನ ಐಪಿವಿ4 ಟ್ಯಾಬ್‌ನಲ್ಲಿ ಶೇರ್ಡ್ ಟು ಅದರ್ ಕಂಪ್ಯೂಟರ್ಸ್ ಆಯ್ಕೆ ಮಾಡಿ. ಆಗ ಲ್ಯಾಪ್‌ಟಾಪ್ 10.42.0.1 ಹಾಕಿಕೊಂಡು ಪೈಗೆ ತಾನೇ ಅಡ್ರೆಸ್ ಹಂಚುತ್ತದೆ. ಹಾಸ್ಟೆಲ್ ಲಾಗಿನ್ ಪೇಜ್ ತೊಂದರೆಯೂ ಇದರಲ್ಲೇ ಮುಗಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ, ಪೈ ಅದರ ಬೆನ್ನ ಹಿಂದೆ ಕೂರುತ್ತದೆ, ಹೊರಗಿನವರಿಗೆ ಲ್ಯಾಪ್‌ಟಾಪ್ ಒಂದೇ ಕಾಣುವುದು.

ತುಂಗಾತೀರ:

ಸರ್, ಅರ್ಧ ಗೆದ್ದೆ. ರೂಲ್ಸ್ ಫೈಲ್ ತಿದ್ದಿ ಕಾರ್ಡ್ ಹಾಕಿದ ಕೂಡಲೇ ನೋ-ಕ್ಯಾರಿಯರ್ ಹೋಯಿತು. ಲ್ಯಾಪ್‌ಟಾಪ್‌ಗೆ 10.42.0.1 ಬಂತು. ಆದರೆ ಪೈಗೆ ಅಡ್ರೆಸ್ ಸಿಕ್ಕ ಹಾಗೆ ಕಾಣುತ್ತಿಲ್ಲ, ಐಪಿ ನೇಬರ್ ಕೊಟ್ಟರೆ 10.42 ಸಾಲಿನ ಯಾವುದೂ ಇಲ್ಲ. ಲ್ಯಾಪ್‌ಟಾಪ್‌ನ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಈ ತರಹದ ಸಾಲು ಒಂದರ ಹಿಂದೆ ಒಂದು ಬರುತ್ತಿದೆ: ಯುಎಫ್‌ಡಬ್ಲ್ಯೂ ಬ್ಲಾಕ್, ಇನ್=ಇಎನ್‌ಪಿ0ಎಸ್20ಎಫ್0ಯು2, ಎಸ್‌ಪಿಟಿ=68 ಡಿಪಿಟಿ=67.

ಸೋಲ್ಡರ್_ಶಾಸ್ತ್ರಿ:

ಉತ್ತರ ನೀವೇ ಬರೆದಿದ್ದೀರಿ. 68ರಿಂದ 67ಕ್ಕೆ ಹೋಗುತ್ತಿರುವುದು ಡಿಎಚ್‌ಸಿಪಿ ವಿನಂತಿ. ಪೈ ಅಡ್ರೆಸ್ ಕೊಡಿ ಕೊಡಿ ಅಂತ ಕೂಗುತ್ತಿದೆ, ನಿಮ್ಮ ಲ್ಯಾಪ್‌ಟಾಪ್‌ನ ಫೈರ್‌ವಾಲ್ ಬಾಗಿಲಲ್ಲೇ ತಡೆಯುತ್ತಿದೆ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಇನ್‌ಸ್ಟಾಲ್ ಆಗಿ ಬಂದರೂ ಆಫ್ ಇರುತ್ತದೆ, ನೀವು ಯಾವಾಗಲೋ ಆನ್ ಮಾಡಿದ್ದೀರಿ. ಆಫ್ ಮಾಡುವುದು ಬೇಡ, ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ಅದು ಇರುವುದೇ ಒಳ್ಳೆಯದು. ಈ ಒಂದು ಇಂಟರ್‌ಫೇಸ್‌ಗೆ ಮಾತ್ರ ದಾರಿ ಬಿಡಿ: ಸುಡೊ ಯುಎಫ್‌ಡಬ್ಲ್ಯೂ ಅಲೌ ಇನ್ ಆನ್ ಇಎನ್‌ಪಿ0ಎಸ್20ಎಫ್0ಯು2. ಪೈಗೆ ಇಂಟರ್ನೆಟ್ಟೂ ಹೋಗಬೇಕು ಅಂದರೆ ಇನ್ನೊಂದು: ಸುಡೊ ಯುಎಫ್‌ಡಬ್ಲ್ಯೂ ರೂಟ್ ಅಲೌ ಇನ್ ಆನ್, ಮುಂದೆ ಅದೇ ಹೆಸರು. ಕೊನೆಯ ಯು2 ಯುಎಸ್‌ಬಿ ಪೋರ್ಟ್‌ನ ಗುರುತು. ಬೇರೆ ಪೋರ್ಟ್‌ಗೆ ಹಾಕಿದರೆ ಹೆಸರು ಬದಲಾಗುತ್ತದೆ, ರೂಲ್ ಕೆಲಸ ಮಾಡುವುದಿಲ್ಲ. ಒಂದೇ ಪೋರ್ಟ್ ಇಟ್ಟುಕೊಳ್ಳಿ.

ಬಯಲುಸೀಮೆ_ಬಿಟ್ಸ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ವಿಂಡೋಸ್ 11. ಅದೇ ಎರಡು ಸಾಲು ಸೇರಿಸಿದ್ದೇನೆ, ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಬದಲು ಯುಎಸ್‌ಬಿ ಸೀರಿಯಲ್ ಡಿವೈಸ್, ಕಾಮ್3 ಅಂತ ಬರುತ್ತದೆ. ಪುಟ್ಟಿ ಅನ್ನುವ ಟರ್ಮಿನಲ್ ಪ್ರೋಗ್ರಾಮ್‌ನಲ್ಲಿ ಕಾಮ್3 ತೆರೆದರೆ ಕಪ್ಪು ಪರದೆ ಅಷ್ಟೇ.

ಕಾಫಿಪುಡಿ:

ಇದು ನನಗೆ ಗೊತ್ತು. ವಿಂಡೋಸ್ ತಪ್ಪು ಡ್ರೈವರ್ ಹಾಕಿಕೊಂಡಿದೆ, ಪೈ ಕಡೆ ಸೀರಿಯಲ್ ಇಲ್ಲವೇ ಇಲ್ಲ, ಅದಕ್ಕೇ ಕಪ್ಪು ಪರದೆ. ಕಾಮ್3 ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಆಮೇಲೆ ಲೆಟ್ ಮಿ ಪಿಕ್ ಅಂತ ಬರುತ್ತದೆ. ಅದರಲ್ಲಿ ಕಂಪ್ಯಾಟಿಬಲ್ ಹಾರ್ಡ್‌ವೇರ್ ಅನ್ನುವ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಸೀರಿಯಲ್ ಒಂದೇ ತೋರಿಸುತ್ತದೆ. ನೆಟ್‌ವರ್ಕ್ ಅಡಾಪ್ಟರ್ಸ್, ಮೈಕ್ರೋಸಾಫ್ಟ್, ರಿಮೋಟ್ ಎನ್‌ಡಿಐಎಸ್ ಕಂಪ್ಯಾಟಿಬಲ್ ಡಿವೈಸ್. ಇದು ಸರಿ ಹೊಂದುವುದಿಲ್ಲ ಅಂತ ಒಂದು ಎಚ್ಚರಿಕೆ ಬರುತ್ತದೆ, ಎಸ್ ಒತ್ತಿ.

ಇಂಟರ್ನೆಟ್ ಶೇರ್ ಮಾಡಿದರೆ ವಿಂಡೋಸ್ 192.168.137.1 ಇಟ್ಟುಕೊಂಡು ಪೈಗೆ ಅದೇ ಸಾಲಿನ ಅಡ್ರೆಸ್ ಕೊಡುತ್ತದೆ. ಬುಕ್‌ವರ್ಮ್ ಆದರೆ ಮೇಲೆ ಶಾಸ್ತ್ರಿಗಳು ಹೇಳಿದ ರೂಲ್ಸ್ ಕೆಲಸ ನಿಮಗೂ ತಪ್ಪಿದ್ದಲ್ಲ. ವಿಂಡೋಸ್‌ನಲ್ಲಿ ರೂಟ್‌ಎಫ್‌ಎಸ್ ತೆರೆಯುವುದಿಲ್ಲ, ಡ್ರೈವ್ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ದಯವಿಟ್ಟು ಬೇಡ ಅನ್ನಿ! ನಿಮ್ಮ ಮನೆ ವೈಫೈಗೆ ಲಾಗಿನ್ ಪೇಜ್ ಇಲ್ಲ ಅಲ್ವಾ? ಹಾಗಿದ್ದರೆ ಮೊದಲು ವೈಫೈಯಲ್ಲಿ ಒಳಗೆ ಹೋಗಿ ತಿದ್ದಿ, ಅದೇ ಸುಲಭ.

ಸೋಲ್ಡರ್_ಶಾಸ್ತ್ರಿ:

ವೈಫೈಯೂ ಇಲ್ಲ, ಲಿನಕ್ಸೂ ಇಲ್ಲ ಅನ್ನುವವರಿಗೆ ಯುಎಸ್‌ಬಿ-ಟಿಟಿಎಲ್ ಸೀರಿಯಲ್ ಬೋರ್ಡ್ ಇದೆ. ಕಾನ್ಫಿಗ್‌ನಲ್ಲಿ ಎನೇಬಲ್_ಯುಎಆರ್‌ಟಿ=1 ಹಾಕಿ. ಪೈನ 6ನೇ ಪಿನ್ ಗ್ರೌಂಡ್, 8 ಪೈ ಕಳಿಸುವುದು, 10 ಪೈ ಕೇಳುವುದು, ವೇಗ 115200. ಪೈನ 8 ಸೀರಿಯಲ್ ಬೋರ್ಡ್‌ನ ಆರ್‌ಎಕ್ಸ್‌ಗೆ, 10 ಟಿಎಕ್ಸ್‌ಗೆ. ಸೀರಿಯಲ್ ಬೋರ್ಡ್ 3.3 ವೋಲ್ಟ್‌ನಲ್ಲಿ ಇರಲೇಬೇಕು, 5 ವೋಲ್ಟ್‌ನ ಸಿಗ್ನಲ್ ಕೊಟ್ಟರೆ ಪಿನ್ ಸುಟ್ಟುಹೋಗುತ್ತದೆ. ಹೆಡರ್ ಇಲ್ಲದ ಝೀರೋಗೆ ಬೆಸುಗೆ ಹಾಕಬೇಕಾಗುತ್ತದೆ. ನನಗಂತೂ ಅದು ಖುಷಿಯ ಕೆಲಸ. ಒಮ್ಮೆ ಸೀರಿಯಲ್ ಇದ್ದರೆ ನೆಟ್‌ವರ್ಕ್ ಎಷ್ಟೇ ಕೆಟ್ಟರೂ ಒಳಗೆ ಹೋಗಿ ನೋಡಬಹುದು.

ತುಂಗಾತೀರ:

ಬಂತು ಸರ್! ಯುಎಫ್‌ಡಬ್ಲ್ಯೂ ರೂಲ್ ಹಾಕಿದ ಮೇಲೆ ಎಸ್‌ಎಸ್‌ಎಚ್ ಒಳಗೆ ಹೋದೆ. ಪಿಂಗ್ ಹೊರಗೂ ಹೋಗುತ್ತಿದೆ. ಇನ್ನೆರಡು ಸಣ್ಣ ಕಿರಿಕಿರಿ ಇವೆ. ಪೈ ರೀಬೂಟ್ ಮಾಡಿದಾಗಲೆಲ್ಲ ಅದರ ಅಡ್ರೆಸ್ ಬದಲಾಗುತ್ತದೆ. ಲ್ಯಾಪ್‌ಟಾಪ್ ಕಡೆ ಶೇರ್ಡ್ ಅಂತ ಇಟ್ಟ ಪ್ರೊಫೈಲ್ ಕೂಡ ಕೆಲಸಕ್ಕೆ ಬರುತ್ತಿಲ್ಲ, ಐಡೆಂಟಿಟಿ ಟ್ಯಾಬ್‌ನಲ್ಲಿ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ನಂಬರ್) ಆಯ್ಕೆ ಮಾಡಿ ಇಟ್ಟಿದ್ದೆ. ಇನ್ನೊಂದು, ಪ್ಯಾಕೇಜ್ ಪಟ್ಟಿ ತರಿಸಲು ಎಪಿಟಿ ಅಪ್‌ಡೇಟ್ ಕೊಟ್ಟರೆ ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್ ಅನ್ನುತ್ತದೆ.

ಸೋಲ್ಡರ್_ಶಾಸ್ತ್ರಿ:

ಎರಡನೆಯದು ಗಡಿಯಾರದ ತೊಂದರೆ. ಝೀರೋದಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಬೂಟ್ ಆದಾಗ ಕಳೆದ ಸಲ ಉಳಿಸಿಟ್ಟ ಸಮಯದಿಂದಲೇ ಶುರು ಮಾಡುತ್ತದೆ, ನೆಟ್‌ನಿಂದ ಸಮಯ ಸಿಕ್ಕಾಗ ಸರಿ ಮಾಡಿಕೊಳ್ಳುತ್ತದೆ. ಲಾಗಿನ್ ಪೇಜ್ ಇರುವ ನೆಟ್‌ವರ್ಕ್‌ಗಳಲ್ಲಿ ಸಮಯ ತರುವ ಯುಡಿಪಿ 123 ಪೋರ್ಟನ್ನು ಮುಚ್ಚಿರುವುದು ಉಂಟು. ಟೈಮ್‌ಡೇಟ್‌ಸಿಟಿಎಲ್ ಕೊಟ್ಟು ನೋಡಿ, ಸಿಂಕ್ರೊನೈಸ್ಡ್ ಎದುರು ನೋ ಇದ್ದರೆ ಅದೇ. ಸದ್ಯಕ್ಕೆ ಸುಡೊ ಡೇಟ್ -ಎಸ್ ಕೊಟ್ಟು ಕೈಯಿಂದ ಸಮಯ ಇಡಿ, ಎಪಿಟಿ ಓಡುತ್ತದೆ.

ಮೊದಲನೆಯದಕ್ಕೆ ಕಾರಣ ಜಿ_ಈಥರ್. ಅದು ಪ್ರತಿ ಬೂಟ್‌ಗೂ ಎರಡು ಮ್ಯಾಕ್ ಅಡ್ರೆಸ್ಸನ್ನು ಲಾಟರಿ ಎತ್ತುತ್ತದೆ, ಒಂದು ಪೈ ಕಡೆಗೆ, ಒಂದು ಲ್ಯಾಪ್‌ಟಾಪ್ ಕಡೆಗೆ. ಪೈದು ಬದಲಾದರೆ ಡಿಎಚ್‌ಸಿಪಿ ಅದನ್ನು ಹೊಸಬ ಅಂದುಕೊಂಡು ಹೊಸ ಅಡ್ರೆಸ್ ಕೊಡುತ್ತದೆ. ಲ್ಯಾಪ್‌ಟಾಪ್‌ದು ಬದಲಾದರೆ ಮ್ಯಾಕ್‌ಗೆ ಅಂಟಿಸಿದ ನಿಮ್ಮ ಪ್ರೊಫೈಲ್ ಹೊಂದುವುದಿಲ್ಲ. ಎರಡನ್ನೂ ಕಟ್ಟಿಹಾಕಿ. ಈಗ ಒಳಗೆ ಹೋಗುತ್ತಿದ್ದೀರಲ್ಲ, ಬೂಟ್/ಫರ್ಮ್‌ವೇರ್ ಫೋಲ್ಡರ್‌ನ ಸಿಎಮ್‌ಡಿಲೈನ್‌ನಲ್ಲಿ, ಅದೇ ಸಾಲಿನಲ್ಲಿ, ಇವೆರಡನ್ನು ಸೇರಿಸಿ:

ಜಿ_ಈಥರ್.ಹೋಸ್ಟ್_ಎಡಿಡಿಆರ್=02:11:22:33:44:01 ಜಿ_ಈಥರ್.ಡೆವ್_ಎಡಿಡಿಆರ್=02:11:22:33:44:02

ಹೋಸ್ಟ್ ಅಂದರೆ ಲ್ಯಾಪ್‌ಟಾಪ್ ಕಡೆಯದು, ಡೆವ್ ಅಂದರೆ ಪೈ ಕಡೆಯದು. 02ರಿಂದ ಶುರು ಮಾಡಿದರೆ ಯಾವ ಕಂಪನಿಯ ಕಾರ್ಡ್‌ಗೂ ಡಿಕ್ಕಿ ಹೊಡೆಯುವುದಿಲ್ಲ, ಆ ಸಾಲು ನಮ್ಮಂತೆ ಕೈಯಿಂದ ಇಟ್ಟುಕೊಳ್ಳುವವರಿಗೇ ಬಿಟ್ಟದ್ದು. ಎರಡಕ್ಕೂ ಒಂದೇ ನಂಬರ್ ಕೊಡಬೇಡಿ. ಇದಾದ ಮೇಲೆ ಐಡೆಂಟಿಟಿ ಟ್ಯಾಬ್‌ನಲ್ಲಿ ಹೊಸ ಮ್ಯಾಕ್ ಆಯ್ಕೆ ಮಾಡಿ. ಎಸ್‌ಎಸ್‌ಎಚ್‌ಗೆ ಅಡ್ರೆಸ್ ಬದಲು ಹೆಸರು.ಲೋಕಲ್ ಬಳಸಿ, ಇಮೇಜರ್‌ನಲ್ಲಿ ಕೊಟ್ಟ ಹೆಸರು. ನೀವು ಬೇರೆ ಹೆಸರು ಕೊಟ್ಟಿದ್ದರೆ ರಾಸ್ಪ್‌ಬೆರಿಪೈ.ಲೋಕಲ್ ಯಾವತ್ತೂ ಸಿಗುವುದಿಲ್ಲ.

ಬಯಲುಸೀಮೆ_ಬಿಟ್ಸ್:

ರಿಮೋಟ್ ಎನ್‌ಡಿಐಎಸ್ ಹಾಕಿದ ಮೇಲೆ ನನ್ನದೂ ನೆಟ್‌ವರ್ಕ್ ಕಾರ್ಡ್ ಆಯಿತು, ರೂಲ್ಸ್ ವೈಫೈಯಲ್ಲಿ ಹೋಗಿ ತಿದ್ದಿದೆ, ಈಗ ಸರಿ ಇದೆ. ಒಂದು ಪ್ರಶ್ನೆ: ಮನೆಯಲ್ಲಿ ಪೈ 3ಬಿ ಕೂಡ ಬಿದ್ದಿದೆ. ಅದರಲ್ಲೂ ಹೀಗೇ ಮಾಡಬಹುದಾ?

ಸೋಲ್ಡರ್_ಶಾಸ್ತ್ರಿ:

3ಬಿಯಲ್ಲಿ ಆಗುವುದಿಲ್ಲ. ಚಿಪ್‌ನ ಒಂದೇ ಯುಎಸ್‌ಬಿ ಲೈನ್ ಬೋರ್ಡ್ ಮೇಲಿನ ಹಬ್‌ಗೆ ಹೋಗುತ್ತದೆ, ಅಲ್ಲಿಂದ ನಾಲ್ಕು ಪೋರ್ಟೂ ಈಥರ್ನೆಟ್ಟೂ ಹೊರಡುತ್ತವೆ. ಹಬ್ ಮಧ್ಯೆ ಇದ್ದರೆ ಗ್ಯಾಜೆಟ್ ಮೋಡ್ ಇಲ್ಲ. ಹಬ್ ಇಲ್ಲದ ಎ+, 3ಎ+ನಲ್ಲಿ ಆಗುತ್ತದೆ, ಆದರೆ ಅವುಗಳ ಪೋರ್ಟ್ ದೊಡ್ಡ ಟೈಪ್-ಎ, ಎರಡೂ ತುದಿಯಲ್ಲಿ ಟೈಪ್-ಎ ಇರುವ ಕೇಬಲ್ ಬೇಕು. ಪೈ 4ರಲ್ಲಿ ಕರೆಂಟ್ ಕೊಡುವ ಟೈಪ್-ಸಿ ಪೋರ್ಟ್‌ನಲ್ಲೇ ಆಗುತ್ತದೆ, ಅದೇ ಎರಡು ಸಾಲು. ಆದರೆ ಲ್ಯಾಪ್‌ಟಾಪ್‌ನ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್. ಝೀರೋಗೆ ಸಾಕು. ಪೈ 4ಕ್ಕೆ ಸಾಲದು, ಲೋಡ್ ಬಿದ್ದಾಗ ರೀಬೂಟ್ ಆಗುತ್ತದೆ.